ಪೈಲ್ಸ್ ಯಾರ್ರಿ, ಒಳಗೆ ಬರ್ರಿ!

ದಾವಣಗೆರೆಯವರಿಗೆ ಕಾಯೋದು ಹೊಸದಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಮುಂದೆ ಬೈಕ್ ಆಫ್ ಮಾಡಿ ನಿಂತು ನಿಂತೇ ದೊಡ್ಡವರಾದ ಜನ ನಾವು. ಆದ್ರೆ ಆ ಗೇಟಿಗೊಂದು ನ್ಯಾಯವಿತ್ತು. ರೈಲು ಹೋದ ಮೇಲೆ ಎಲ್ಲರಿಗೂ ಒಟ್ಟಿಗೇ ತೆರೆಯುತ್ತಿತ್ತು.

ಮೊನ್ನೆ ಅವ್ವನ ಬಿಪಿ ತೋರಿಸಲು ಹೋದ ಕ್ಲಿನಿಕ್ಕಿನ ಬಾಗಿಲು ಹಾಗಲ್ಲ. ನಮ್ಮದು 19ನೇ ಟೋಕನ್. 18 ಆದ ಮೇಲೆ ಒಳಗೆ ಹೋದದ್ದು ಮೆಡಿಕಲ್ ರೆಪ್. ಆಮೇಲೆ ಇನ್ನಿಬ್ಬರು ರೆಪ್. ಆಮೇಲೆ ‘ಸಾಹೇಬ್ರ ಕಡೆಯವರು’. "ನಮ್ದು ಯಾವಾಗಮ್ಮ?" ಅಂದೆ. ಕೌಂಟರಿನ ಹುಡುಗಿ ಮೊಬೈಲಿನಿಂದ ತಲೆ ಎತ್ತದೆ, "ಕರಿತೀವಿ, ಕುಂದ್ರಿ" ಅಂದಳು. ಕೂರಲು ಕುರ್ಚಿ ಇರಲಿಲ್ಲ, ಅದು ಬೇರೆ ಮಾತು.

ನಮ್ಮೂರಿನ ಬೆಣ್ಣೆದೋಸೆ ಹೋಟೆಲಿನ ಹುಡುಗರನ್ನ ನೋಡಿದ್ದೀರಲ್ವಾ? ಕೈಯಲ್ಲಿ ಚೀಟಿಯಿಲ್ಲ, ಕಂಪ್ಯೂಟರಿಲ್ಲ. ಆ ಟೇಬಲ್ಲಿಗೆ ಎರಡು ಬೆಣ್ಣೆ, ಈ ಮೂಲೆಗೆ ಒಂದು ಖಾಲಿ, ಅಜ್ಜನಿಗೆ ಖಾರ ಕಮ್ಮಿ ಓಪನ್. ಮೊದಲು ಬಂದವನಿಗೆ ಮೊದಲು. ಮಧ್ಯೆ ಯಾರಾದ್ರೂ ನುಗ್ಗಿದರೆ ಹೆಂಚಿನ ಮುಂದಿರುವ ಭಟ್ಟರೇ ಗದರುತ್ತಾರೆ. ಚಟ್ನಿ ಕೇಳದೆ ಬರುತ್ತದೆ. ಅಂಥ ಒಬ್ಬ ಹುಡುಗನನ್ನ ಒಂದೇ ಒಂದು ವಾರ ಈ ಕೌಂಟರಿಗೆ ಕೂರಿಸಬೇಕು ಅಂತ ನಾನು ಗೋಡೆಗೊರಗಿ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಕೂಗು. "ಪೈಲ್ಸ್ ಯಾರ್ರಿ? ಪೈಲ್ಸ್ ಒಳಗೆ ಬರ್ರಿ!"

ಒಬ್ಬ ಯುವಕ ಎದ್ದ. ಕಾಯುತ್ತಿದ್ದವರ ಅಷ್ಟೂ ಕಣ್ಣು ಅವನ ಬೆನ್ನ ಹಿಂದೆ ಹೋದವು. ಬೆನ್ನಿಗಿಂತ ಸ್ವಲ್ಪ ಕೆಳಗೆ ಅನ್ನಿ. ಹೆಸರು ಮರೆತರೂ ಕಾಯಿಲೆ ನೆನಪಿಟ್ಟುಕೊಂಡಿದ್ದಾರಲ್ಲ, ಎಂಥ ಕಾಳಜಿ!

ಮುಂದಿನ ಕೂಗಿಗೆ ನಗು ಬರಲಿಲ್ಲ. "ಮುಟ್ಟು ನಿಂತಿರೋದು ಯಾರ್ದು?" ಕಾಲೇಜಿಗೆ ಹೋಗೋ ವಯಸ್ಸಿನ ಹುಡುಗಿ, ಪಕ್ಕದಲ್ಲಿ ತಾಯಿ. ಇಬ್ಬರೂ ಏಳಲಿಲ್ಲ. ಕೌಂಟರಿನವಳು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದಳು.

2017ರ ನವೆಂಬರ್ ನೆನಪಿದೆಯಾ? ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಅನ್ವಯಿಸೋ ಕೆಪಿಎಂಇ ಕಾಯ್ದೆಯ ತಿದ್ದುಪಡಿ ಬೇಡ ಅಂತ ಖಾಸಗಿ ಡಾಕ್ಟ್ರುಗಳು ಓಪಿಡಿ ಮುಚ್ಚಿ ಬೆಳಗಾವಿವರೆಗೂ ಹೋಗಿದ್ದರು. ರೋಗಿಗಳ ಹಕ್ಕುಗಳೂ ಆ ತಿದ್ದುಪಡಿಯಲ್ಲೇ ಬಂದವು. ಕಾಯಿಲೆ ಗುಟ್ಟಾಗಿರಬೇಕು ಅನ್ನೋದೂ ಅದರಲ್ಲಿದೆ. ಇಲ್ಲಿ ಗೋಡೆ ಮೇಲಿದ್ದದ್ದು ಮಾತ್ರ ‘ಚಪ್ಪಲಿ ಹೊರಗೆ ಬಿಡಿ’ ಮತ್ತು ‘ನಿಶ್ಶಬ್ದ’.

ಆ ಕೌಂಟರಿನ ಹುಡುಗಿಗೆ ಎಷ್ಟು ಸಂಬಳವೋ, ಯಾರೂ ಏನೂ ಹೇಳಿಕೊಟ್ಟಿರಲಿಕ್ಕಿಲ್ಲ. ನನಗೆ ಸಿಟ್ಟು ಒಳಗಿದ್ದವರ ಮೇಲೆ. ಪ್ಲೈವುಡ್ ಗೋಡೆಯಾಚೆ ಕೂತು ದಿನವೂ ಇದನ್ನ ಕೇಳಿಸಿಕೊಳ್ಳುತ್ತಾರೆ. ಮುಂದಿನವರನ್ನ ಕಳಿಸಮ್ಮ ಅನ್ನುತ್ತಾರೆ. ಅಷ್ಟೇ.

ಅವ್ವನ ಬಿಪಿ 170 ಇತ್ತು. ಟೆನ್ಷನ್ ತಗೋಬೇಡಿ ಅಂದರು ಡಾಕ್ಟ್ರು.

ಹೊರಗೆ ಬಂದು ಮುಂದಿನ ತಾರೀಖು ಕೇಳಿದೆ. "ಬೋರ್ಡಿನಾಗೆ ನಂಬರ್ ಐತಲ್ರಿ, ಫೋನ್ ಮಾಡ್ರಿ." ಅಲ್ಲೇ ನಿಂತು ಮಾಡಿದೆ. ಅವಳ ಮುಂದಿದ್ದ ಫೋನು ರಿಂಗಾಯಿತು. ಒಮ್ಮೆ ನೋಡಿ, ಮಗುಚಿಟ್ಟು, ನನಗೇ ಹೇಳಿದಳು: "ಬೆಳಗಿಂದ ಹಿಂಗೇ ನೋಡ್ರಿ ಸರ್, ಸುಮ್ನೆ ಯಾರ್ಯಾರೋ ಮಾಡ್ತಾನೇ ಇರ್ತಾರೆ."