ಮುತ್ಯಾನ ನಾಲಗೆಯ ಮೇಲಿನ ಮಣ್ಣು

ನಾನು ಹೈದರಾಬಾದಿಗೆ ಬಂದು 14 ವರ್ಷವಾಯಿತು. ಇಲ್ಲಿ ಮಗಳ ಶಾಲೆಯಲ್ಲಿ ಕಥೆ ಬರೆಯುವುದನ್ನು ಕಲಿಸಲು ಕಂಪ್ಯೂಟರಿನಲ್ಲಿ ಕಾಮಿಕ್ಸ್ ಮಾಡಿಸುತ್ತಾರೆ. ಚೌಕ, ಮಾತಿನ ಗುಳ್ಳೆ, ನಗುವ ಅಳುವ ಮುಖ ಎಲ್ಲ ಸಿದ್ಧವಾಗಿರುತ್ತವೆ. ಎಳೆದು ತಂದು ಕೂರಿಸಿದರಾಯಿತು. ಬೀದರಿನಲ್ಲಿ ಒಂಬತ್ತನೆಯ ತರಗತಿ ಓದುವ ಅಕ್ಕನ ಮಗನಿಗೆ ನಮ್ಮ ಕಾಲದ್ದೇ ಪ್ರಬಂಧ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ.

ಬೇಸಿಗೆ ರಜೆಯಲ್ಲಿ ಇಬ್ಬರಿಗೂ ಬಿದರಿ ಕೆಲಸದ ಬಗ್ಗೆ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಕಲೆಯ ಬಗ್ಗೆ, ಬರೆಯಲು ಹೇಳಿದೆ. ಹುಡುಗ ಅರ್ಧ ಗಂಟೆಯಲ್ಲಿ ಒಂದೂವರೆ ಪುಟ ತುಂಬಿಸಿದ. ಬಹಮನಿ ಸುಲ್ತಾನರು, ಸತು ತಾಮ್ರದ ಮಿಶ್ರಲೋಹ, ಬೆಳ್ಳಿ ತಂತಿ, ಒಂದೂ ತಪ್ಪಿರಲಿಲ್ಲ. ಗೈಡಿನ ವಾಸನೆಯೂ ಹೋಗಿರಲಿಲ್ಲ. ಮಗಳು ಕೋಟೆ ಹುಡುಕಿದರೆ ತಂತ್ರಾಂಶ ಕೊಟ್ಟದ್ದು ಚೂಪು ಗೋಪುರದ ಯುರೋಪಿನ ಕೋಟೆ. ನಮ್ಮ ಕೆಂಪು ಜಂಬಿಟ್ಟಿಗೆಯ ಕೋಟೆ ಎಲ್ಲಿ, ಅದೆಲ್ಲಿ! ಅಜ್ಜನಿಗೆ ನಮ್ಮ ಕಡೆ ಹೇಳುವ ‘ಮುತ್ಯಾ’ ಎಂದು ಟೈಪಿಸಿದರೆ ಒತ್ತಕ್ಷರ ಕಳಚಿ ‘ಮುತ್‌ಯಾ’ ಆಗುತ್ತಿತ್ತು. ಬೇಸತ್ತು, ಒತ್ತಿಲ್ಲದ ಪದವೆಂದು ‘ತಾತ’ ಎಂದು ಬರೆದಳು. ಬೀದರಿನ ಮುತ್ಯಾ ನಿಂತಲ್ಲೇ ಹೈದರಾಬಾದಿನ ತಾತನಾದ.

ಮರುದಿನ ಹುಡುಗನಿಗೆ ಒಂದು ಹಾಳೆಯನ್ನು ಮೂರು ಸಲ ಮಡಚಿ, ಎಂಟು ಚೌಕ ಮಾಡಿ ಕೊಟ್ಟೆ. ಗುಳ್ಳೆಯೊಂದಕ್ಕೆ ಐದೇ ಪದ ಎಂದೆ. ಮೂರನೆಯ ಚೌಕದಲ್ಲಿ ಮುತ್ಯಾ ಕೋಟೆಯ ಮಣ್ಣನ್ನು ಚಿಟಿಕೆಯಷ್ಟು ನಾಲಗೆಯ ಮೇಲೆ ಇಟ್ಟುಕೊಂಡಿದ್ದಾನೆ. ನಾಲ್ಕನೆಯದರಲ್ಲಿ ಬರೀ ಮುಖ, ಕಣ್ಣು ಕಿರಿದಾಗಿವೆ, ಮಾತಿಲ್ಲ. ಲೋಹವನ್ನು ಕಪ್ಪಾಗಿಸುವ ಮಣ್ಣು ಅದು. ಸರಿಯಾದದ್ದು ಹೌದೋ ಅಲ್ಲವೋ ಎಂದು ಕುಶಲಕರ್ಮಿಗಳು ರುಚಿ ನೋಡಿಯೇ ಹೇಳುತ್ತಾರೆ. ಓಣಿಯಲ್ಲಿ ದಿನಾ ನೋಡುವ ಈ ಸಂಗತಿ ಪ್ರಬಂಧದಲ್ಲಿ ಏಕೆ ಬರಲಿಲ್ಲ ಎಂದು ಕೇಳಿದೆ.

“ಅದಕ್ಕೆ ಅಂಕ ಕೊಡುವುದಿಲ್ಲ, ಮಾಮಾ.”

ಅಂಕ ಕೊಡಲಿ ಎನ್ನುವುದೇ ನನ್ನ ತಕರಾರು. ಟ್ಯಾಬ್ಲೆಟ್ ಬರಲಿ ಎಂದು ಬೀದರ್, ಯಾದಗಿರಿಯ ಶಾಲೆಗಳು ಕಾಯಬೇಕಾಗಿಲ್ಲ, ಮಡಚಿದ ಹಾಳೆ ಸಾಕು. ಹಾಗೆಂದು ಕಂಪ್ಯೂಟರನ್ನು ಹಳಿಯಲಾರೆ. ಮಗಳು ಆರನೆಯ ಚೌಕವನ್ನು ಮೊದಲಿಗೆ ಎಳೆದು ನೋಡಿದಳು, ಕಥೆಗೆ ಜೀವ ಬಂತು. ಮತ್ತೆ ಹಿಂದಕ್ಕೆ ಹಾಕಿದಳು, ಇನ್ನೊಂದು ರೀತಿ ಮಾಡಿದಳು. ತಿದ್ದುವುದೆಂದರೆ ಶಿಕ್ಷೆಯಲ್ಲ, ಆಟ ಎಂಬುದು ಅವಳಿಗೆ ಗೊತ್ತು. ಬಾಲ್‌ಪೆನ್ನಿನಲ್ಲಿ ಬರೆದಿದ್ದ ಹುಡುಗನಿಗೆ ಚೌಕ ಅದಲುಬದಲು ಮಾಡು ಎಂದರೆ ಮುಖ ಸಣ್ಣದಾಯಿತು. ಕತ್ತರಿ ತಂದು ಕೊಟ್ಟೆ.

ಈಗ ಅವನ ಚಿತ್ರಗಳ ಫೋಟೋ ತೆಗೆದು ಅವಳು ತನ್ನ ಚೌಕಗಳಿಗೆ ಹಾಕಿಕೊಂಡಿದ್ದಾಳೆ. ಗುಳ್ಳೆಯಲ್ಲಿ ಅವನದೇ ಕೈಬರಹದ ‘ಮುತ್ಯಾ’. ಒತ್ತು ತುಸು ಸೊಟ್ಟಗಿದೆ.