‘ನೀನು ಮುಂದೆ ನಿಂತ್ಕೋ, ಸಾಕು’

ಮಳೆಗಾಲ ಹಿಡೀತು ಅಂದ್ರೆ ಚಿಕ್ಕಮಗಳೂರಲ್ಲಿ ಕ್ರಿಕೆಟ್ಟು, ವಾಲಿಬಾಲು ಎಲ್ಲ ಮೂಲೆ ಸೇರಿ ಶಟಲ್ ಬ್ಯಾಡ್ಮಿಂಟನ್ ಹಾಲ್‌ಗಳು ತುಂಬ್ತವೆ. ಒಂದು ಗಂಟೆ ಸ್ಲಾಟ್‌ಗೆ ಆರೇಳು ಜನ ದುಡ್ಡು ಹಾಕಿರ್ತಾರೆ, ಹಾಗಾಗಿ ಆಡೋದೆಲ್ಲ ಡಬಲ್ಸೇ. ಜೋಡಿ ಮಾಡುವಾಗ ಜೋರಾಗಿ ಹೊಡೆಯೋನು ಹಿಂದಕ್ಕೆ ಹೋಗ್ತಾನೆ, ಹೊಸಬನಿಗೆ ‘ನೀನು ನೆಟ್ ಹತ್ರ ನಿಂತ್ಕೋ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ’ ಅಂತಾನೆ. ನನ್ನ ತಕರಾರು ಈ ಮಾತಿನ ಮೇಲೆ. ಡಬಲ್ಸ್‌ನಲ್ಲಿ ಮುಂದಿನ ಜಾಗ ಕೈಲಾಗದವರನ್ನ ಕೂರಿಸೋ ಜಗಲಿ ಅಲ್ಲ. ಹಿಂದಿನವನಿಗೆ ಸ್ಮ್ಯಾಶ್ ಮಾಡೋಕೆ, ಅಂದ್ರೆ ಮೇಲಿಂದ ಕೆಳಕ್ಕೆ ಜೋರಾಗಿ ಬಾರಿಸೋಕೆ, ಎತ್ತರದ ಶಟಲ್ ಸಿಗುತ್ತೋ ಇಲ್ಲವೋ ಅಂತ ತೀರ್ಮಾನ ಆಗೋದೇ ಅಲ್ಲಿ.

ಭಾರತದ ಡಬಲ್ಸ್ ಆಟಗಾರ ಸಾತ್ವಿಕ್ ಸಾಯಿರಾಜ್ ಗಂಟೆಗೆ 565 ಕಿ.ಮೀ ವೇಗದ ಸ್ಮ್ಯಾಶ್‌ನಿಂದ 2023ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದು ಎಲ್ಲರಿಗೂ ಬಾಯಿಪಾಠ. ಮುಂದೆ ನಿಂತು ಆತನ ಜೊತೆಗಾರ ಚಿರಾಗ್ ಶೆಟ್ಟಿ ಮಾಡೋ ಕೆಲಸ ಅಳೆಯೋಕೆ ಯಾವ ಮೀಟರ್ರೂ ಇಲ್ಲ, ಅದಕ್ಕೇ ಇರಬೇಕು ಅದರ ಬಗ್ಗೆ ಮಾತೂ ಕಡಿಮೆ. 2017, 2018 ಎರಡೂ ವರ್ಷ ಆಲ್ ಇಂಗ್ಲೆಂಡ್ ಟೂರ್ನಮೆಂಟ್ ಗೆದ್ದ ಇಂಡೋನೇಷ್ಯಾ ಜೋಡಿಯಲ್ಲಿ ಕೆವಿನ್ ಸಂಜಯ ಎತ್ತರದ ಆಸಾಮಿ ಏನಲ್ಲ, ಆದ್ರೂ ನೆಟ್ ಹತ್ರ ಆತನನ್ನ ದಾಟಿಸಿ ಶಟಲ್ ಕಳಿಸೋದು ಎದುರಿನವರಿಗೆ ತಲೆನೋವಾಗಿತ್ತು.

ಮೊದಲು ನಿಲ್ಲೋ ಜಾಗ. ಶಾರ್ಟ್ ಸರ್ವಿಸ್ ಗೆರೆ ನೆಟ್‌ನಿಂದ 1.98 ಮೀಟರ್ ದೂರ. ಆ ಗೆರೆಯೂ ನಡುಗೆರೆಯೂ ಸೇರೋ ಟಿ ಮೇಲೇ ಕಾಲಿಟ್ಟು ನಿಲ್ಲೋರೇ ಜಾಸ್ತಿ, ಇನ್ನು ಕೆಲವರು ಅದಕ್ಕೂ ಮುಂದೆ ಹೋಗಿ ನೆಟ್ ಕಾಯ್ತಾರೆ. ಅಷ್ಟು ಹತ್ತಿರ ನಿಂತರೆ ಎದುರಿನವನು ಚಪ್ಪಟೆಯಾಗಿ ತಳ್ಳಿದ ಶಟಲ್ ಕಣ್ಣಿಗೆ ಬೀಳೋ ಹೊತ್ತಿಗೆ ಕಿವಿ ಪಕ್ಕ ದಾಟಿರುತ್ತೆ. ಟಿಯಿಂದ ಅರ್ಧ ಅಥವಾ ಒಂದು ಹೆಜ್ಜೆ ಹಿಂದೆ, ನೆಟ್‌ನಿಂದ ಸುಮಾರು ಎರಡೂವರೆ ಮೀಟರ್ ಸರಿಯಾದ ಜಾಗ. ಅದಕ್ಕಿಂತ ಹಿಂದೆ ಸರಿದ್ರೆ ಇನ್ನೊಂದು ಕಷ್ಟ: ನೀವು ಮುಟ್ಟೋ ಹೊತ್ತಿಗೆ ಶಟಲ್ ನೆಟ್‌ನ ಮೇಲಂಚಿನ ಪಟ್ಟಿಗಿಂತ ಕೆಳಗಿಳಿದಿರುತ್ತೆ, ಎದುರಿನವನಿಗೆ ಎತ್ತಿಕೊಡದೆ ಬೇರೆ ದಾರಿ ಇರೋದಿಲ್ಲ.

ಆ ಜಾಗವೂ ಮೊಳೆ ಹೊಡೆದಿಟ್ಟಿದ್ದಲ್ಲ. ನಿಮ್ಮವನು ಬಲಮೂಲೆಯಿಂದ ನೇರವಾಗಿ ಸ್ಮ್ಯಾಶ್ ಹೊಡೆದ ಅನ್ನಿ, ನೀವೂ ಒಂದು ಹೆಜ್ಜೆ ಬಲಕ್ಕೆ ಸರೀಬೇಕು. ಎದುರಿನವನಿಗೆ ಸುಲಭವಾದ ಉತ್ತರ ಅದೇ ಸಾಲಲ್ಲಿ ನೇರ ಬ್ಲಾಕ್ (ನೆಟ್ ಹತ್ರ ಮೆಲ್ಲಗೆ ಬೀಳಿಸೋದು) ಅಥವಾ ಡ್ರೈವ್ (ಚಪ್ಪಟೆಯಾಗಿ ಹೊಡೆಯೋದು). ಕ್ರಾಸ್, ಅಂದ್ರೆ ಓರೆಯಾಗಿ ಇನ್ನೊಂದು ಪಕ್ಕಕ್ಕೆ ಆಡಿದರೆ ಶಟಲ್ ಹೆಚ್ಚು ದೂರ ಹೋಗಬೇಕು, ನಿಮಗೆ ಒಂದು ಕ್ಷಣ ಜಾಸ್ತಿ ಸಿಗುತ್ತೆ. ಸ್ಮ್ಯಾಶ್ ನಡುವೆ ಹೋದರೆ ನೀವೂ ನಡುವೆ. ಸ್ಮ್ಯಾಶ್ ಎಲ್ಲಿಗೆ ಹೋಯ್ತು ಅಂತ ತಿಳಿಯೋಕೆ ಹಿಂದಕ್ಕೆ ತಿರುಗಿ ನೋಡೋ ಅಭ್ಯಾಸ ಮಾತ್ರ ಬಿಡಲೇಬೇಕು. ಹೊಡೆತದ ಸದ್ದು, ಎದುರಿನವರ ಭುಜ, ಅವರು ರ‍್ಯಾಕೆಟ್ ಇಳಿಸಿದ ರೀತಿ, ಇಷ್ಟರಲ್ಲೇ ಗೊತ್ತಾಗುತ್ತೆ. ತಿರುಗಿದವರಿಗೆ ಪಾಯಿಂಟ್ ಹೋಗೋದು ಸಣ್ಣ ನಷ್ಟ, ಸ್ವಂತ ಜೊತೆಗಾರನ ಶಟಲ್ ಕಣ್ಣಿಗೆ ಬೀಳೋದು ದೊಡ್ಡದು. ಮುಂದೆ ಆಡೋರು ಪಾಲಿಕಾರ್ಬೊನೇಟ್ ಕನ್ನಡಕ ಹಾಕಿದ್ರೆ ನಗಬೇಡಿ.

ಇನ್ನು ರ‍್ಯಾಕೆಟ್. ನಮ್ಮ ಹಾಲ್‌ಗಳಲ್ಲಿ ಮುಂದೆ ನಿಂತವರನ್ನ ಪಕ್ಕದ ಬೆಂಚಿಂದ ಐದು ನಿಮಿಷ ನೋಡಿ. ನಾಲ್ಕರಲ್ಲಿ ಮೂವರ ರ‍್ಯಾಕೆಟ್ ತಲೆ ಮೊಣಕಾಲಿನ ಹತ್ರ ತೂಗಾಡ್ತಿರುತ್ತೆ, ಶಟಲ್ ಬಂದಮೇಲೆ ಮೇಲಕ್ಕೆ ಹೋಗುತ್ತೆ. ನೆಟ್‌ನ ನಡುಮಧ್ಯದ ಎತ್ತರ 1.524 ಮೀಟರ್. ರ‍್ಯಾಕೆಟ್ ತಲೆ ಮೊದಲೇ ಆ ಎತ್ತರದಲ್ಲಿ, ಮೈಯಿಂದ ಮುಂದೆ ಇರಬೇಕು. ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಮುಂದೆ ಚಾಚೋಕಾಗೋದಿಲ್ಲ. ಹಿಡಿಯನ್ನ ಒಂದೆರಡು ಇಂಚು ಮೇಲಕ್ಕೆ, ಹಿಡಿ ಮುಗಿದು ಕಡ್ಡಿ ಶುರುವಾಗೋ ಕೋನ್ ಹತ್ರ ಹಿಡೀರಿ. ರ‍್ಯಾಕೆಟ್ ಗಿಡ್ಡ ಆದಷ್ಟೂ ಬೇಗ ತಿರುಗುತ್ತೆ. ಬೆರಳು ಸಡಿಲ ಇರಲಿ, ಶಟಲ್ ತಾಗೋ ಕ್ಷಣಕ್ಕೆ ಮಾತ್ರ ಬಿಗಿ. ಬೀಸು ಒಂದು ಗೇಣು ದಾಟಬಾರದು. ಭುಜದಿಂದ ಬೀಸಿದ್ರೆ ಎರಡೇ ಫಲ: ಒಂದೋ ಶಟಲ್ ನೆಟ್ಟಿಗೆ, ಇಲ್ಲ ರ‍್ಯಾಕೆಟ್ ನೆಟ್ಟಿಗೆ. ಶಟಲ್ ಆಟದಲ್ಲಿರುವಾಗ ರ‍್ಯಾಕೆಟ್ ನೆಟ್ ಮುಟ್ಟಿದ್ರೆ ಫಾಲ್ಟ್. ಆಚೆ ಚಾಚಿ ಶಟಲ್ ಮುಟ್ಟೋ ಹಾಗೂ ಇಲ್ಲ. ಈಚೆ ಮುಟ್ಟಿದಮೇಲೆ ರ‍್ಯಾಕೆಟ್ ಗಾಳಿಯಲ್ಲಿ ಆಚೆ ಹೋದ್ರೆ ಪರವಾಗಿಲ್ಲ, ಅದಕ್ಕೆ ಸುಮ್ಮನೆ ಜಗಳ ಆಡಬೇಡಿ. ಪಟ್ಟಿಗೆ ತೀರಾ ಅಂಟಿ ಬಂದ ಶಟಲ್‌ಗೆ ಮುಂದಕ್ಕೆ ಗುದ್ದದೆ, ಕಾರಿನ ಗಾಜು ಒರೆಸಿದ ಹಾಗೆ ಪಟ್ಟಿಯ ಉದ್ದಕ್ಕೆ ಪಕ್ಕಕ್ಕೆ ಸವರಿ.

ಕಾಲಿನ ವಿಷಯ ಎರಡೇ ಮಾತು: ಎದುರಿನವನು ಹೊಡೆಯೋ ಕ್ಷಣಕ್ಕೆ ಸರಿಯಾಗಿ ಸಣ್ಣ ಜಿಗಿತ, ಹಿಮ್ಮಡಿ ಊರದ ನಿಲುವು.

ಯಾವ ಶಟಲ್‌ಗೆ ಏನು ಅನ್ನೋದನ್ನ ಪಟ್ಟಿಯ ಎತ್ತರ ಹೇಳುತ್ತೆ. ಪಟ್ಟಿಗಿಂತ ಮೇಲೆ ಸಿಕ್ಕರೆ ಕೆಳಕ್ಕೆ, ಆದ್ರೆ ಜೋರು ಬೇಡ, ಕೋನ ಸಾಕು. ಗುರಿ ಎದುರಿನವನ ರ‍್ಯಾಕೆಟ್ ಕೈ ಕಡೆಯ ಸೊಂಟ, ಇಲ್ಲವೇ ಇಬ್ಬರ ನಡುವೆ. ಹೊಸಬರು ಶಕ್ತಿಯೆಲ್ಲ ಹಾಕಿ ಎದುರಿನವನ ರ‍್ಯಾಕೆಟ್ಟಿಗೇ ಹೊಡೀತಾರೆ, ಅದು ಅಷ್ಟೇ ವೇಗದಲ್ಲಿ ಮುಖಕ್ಕೆ ಬರುತ್ತೆ. ಪಟ್ಟಿಯ ಮಟ್ಟದಲ್ಲಿ ಸಿಕ್ಕರೆ ಪಕ್ಕದ ಗೆರೆ ಹತ್ತಿರ, ಅವರ ಮುಂದಿನವನ ಬೆನ್ನ ಹಿಂದೆ, ಹಿಂದಿನವನಿಗೆ ಎಟುಕದಷ್ಟು ಮುಂದೆ ಮೆಲ್ಲಗೆ ತಳ್ಳಿ. ಅದು ಯಾರದು ಅಂತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಾರೆ, ಸಾಮಾನ್ಯವಾಗಿ ಎತ್ತಿಕೊಡ್ತಾರೆ. ಇಡೀ ಆಟದಲ್ಲಿ ನನಗೆ ಅತಿ ಇಷ್ಟದ ಹೊಡೆತ ಇದು, ಹೊಡೆತ ಅನ್ನೋಕೂ ಆಗದಷ್ಟು ಮೆದು. ಪಟ್ಟಿಗಿಂತ ಕೆಳಗಿದ್ರೆ ನೆಟ್ ಡ್ರಾಪ್, ನೆಟ್ ದಾಟಿದ ಕೂಡಲೇ ಬೀಳೋ ಹಾಗೆ ಮೆಲ್ಲಗೆ. ಎತ್ತೋದು ಕೊನೆಯ ಆಯ್ಕೆ. ಎತ್ತಿದ ಮೇಲೆ ಮುಂದೆ ನಿಲ್ಲೋ ಕೆಲಸ ಮುಗೀತು, ಹಿಂದೆ ಸರಿದು ಪಕ್ಕಪಕ್ಕ ನಿಲ್ಲಿ.

ಸರ್ವ್ ಮಾಡೋನೇ ಆ ರ‍್ಯಾಲಿಯ ಮುಂದಿನವನು, ಇದನ್ನ ಮರೀತೇವೆ. ಹೊಡೆಯೋ ಕ್ಷಣಕ್ಕೆ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು ಅನ್ನೋದು ಈಗಿನ ನಿಯಮ. ಅಳತೆ ಪಟ್ಟಿ ಇಲ್ಲದ ಹಾಲ್‌ಗಳಲ್ಲಿ ಹಳೆ ಲೆಕ್ಕದಂತೆ ಕೊನೆಯ ಪಕ್ಕೆಲುಬಿಗಿಂತ ಕೆಳಗೆ ಅಂತ ಇಟ್ಕೊಳ್ಳಿ. ಸರ್ವ್ ನೆಟ್ ದಾಟುವಾಗ ಇನ್ನೂ ಏರ್ತಾ ಇದ್ರೆ ಎದುರಿನವನು ಅಲ್ಲೇ ಕುಟ್ಟಿಬಿಡ್ತಾನೆ. ಏರೋದು ನೆಟ್ಟಿಂದ ಈಚೆಗೇ ಮುಗಿದು, ದಾಟುವಾಗ ಇಳಿಯೋಕೆ ಶುರುವಾಗಿರಬೇಕು. ಹೆಚ್ಚಿನ ಸರ್ವ್ ಟಿ ಕಡೆಗೇ ಇರಲಿ. ಪಕ್ಕದ ಗೆರೆಗೆ ಹಾಕಿದ್ರೆ ನೇರ ಸಾಲು ತೆರೆದುಕೊಂಡು ನಿಮ್ಮವನು ಓಡಬೇಕಾಗುತ್ತೆ. ಸರ್ವ್ ಆದ ಕೂಡಲೇ ರ‍್ಯಾಕೆಟ್ ಮೇಲೆ! ಚೆನ್ನಾಗಿ ಬಿತ್ತಾ ಅಂತ ನೋಡ್ತಾ ನಿಂತವರು ಎದುರಿನವನ ಉತ್ತರದ ನಂತರದ ಮೂರನೇ ಹೊಡೆತ ಕಳ್ಕೊಳ್ತಾರೆ. ನೆಟ್‌ನ ಎರಡೂ ಮೂಲೆ ನಿಮ್ಮದು, ಭುಜ ದಾಟಿ ಹೋದದ್ದು ಹಿಂದಿನವನದು.

ಕಲಿಯೋಕೆ ಅತಿ ಕಷ್ಟ ಬಿಡೋದು. ತಲೆ ಪಕ್ಕ ಹೋಗ್ತಿರೋ ಶಟಲ್‌ಗೆ ಕೈ ಹಿಂದಕ್ಕೆ ಚಾಚಿ ಚೂರು ತಾಗಿಸಿ, ಆಮೇಲೆ ‘ಸಾರಿ ಅಣ್ಣ’ ಅನ್ನೋದು ಪ್ರತಿ ಹಾಲ್‌ನ ದಿನಚರಿ. ಹಿಂದೆ ನಿಮ್ಮವನು ಹೊಡೆಯೋಕೆ ಸಜ್ಜಾಗಿ ನಿಂತಿರ್ತಾನೆ, ಅವನ ಬಾಯಿಗೆ ಬಂದ ತುತ್ತು ಕಸಿದ ಹಾಗೆ. ಮೊಣಕೈ ಮೈಯಿಂದ ಹಿಂದಕ್ಕೆ ಹೋಗದೆ ಮುಟ್ಟೋಕಾಗಲ್ಲ ಅಂದ್ರೆ ಅದು ನಿಮ್ಮದಲ್ಲ, ಬಿಡಿ. ಬಿಟ್ಟ ಮೇಲೆ ತಲೆ ತಗ್ಗಿಸಿ, ದಾರಿ ಬಿಡಿ. ಐವತ್ತು ದಾಟಿದ ಅಂಕಲ್‌ಗಳು ಕಾಲೇಜು ಹುಡುಗರ ಬೆವರಿಳಿಸೋದು ಇದರಿಂದಲೇ. ಅವರು ಓಡೋದೇ ಇಲ್ಲ ಮಾರಾಯ್ರೇ, ಬೇಡದ್ದನ್ನ ಮುಟ್ಟೋದೂ ಇಲ್ಲ.

ನಮ್ಮೂರ ಮಟ್ಟಿಗೆ ಶಟಲ್ಲಿನದ್ದೂ ಒಂದು ಸಮಸ್ಯೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1000 ಮೀಟರ್‌ಗಿಂತ ಮೇಲಿದೆ, ಹಾಸನ ಅದಕ್ಕಿಂತ ಸ್ವಲ್ಪ ಕೆಳಗೆ. ಗಾಳಿ ತೆಳು, ಹಾಗಾಗಿ ಅದೇ ಶಟಲ್ ಮಂಗಳೂರಿಗಿಂತ ಇಲ್ಲಿ ಉದ್ದ ಹೋಗುತ್ತೆ. ವೇಗದ ಶಟಲ್‌ನಲ್ಲಿ ಮುಂದಿನವನಿಗೆ ಏಟು ಜಾಸ್ತಿ, ಯೋಚಿಸೋಕೆ ಸಮಯ ಕಡಿಮೆ. ಡಬ್ಬದ ಮೇಲೆ ವೇಗದ ನಂಬರು 77 ಅಂತಿದ್ರೆ ಆಡೋ ಮೊದಲು ಪರೀಕ್ಷೆ ಮಾಡಿ: ಹಿಂದಿನ ಗೆರೆ ಮೇಲಿಂದ ಅಂಡರ್‌ಹ್ಯಾಂಡ್‌ನಲ್ಲಿ ಪೂರ್ತಿ ಜೋರಾಗಿ, ನೇರವಾಗಿ ಮೇಲ್ಮುಖ ಹೊಡೆದ್ರೆ ಆಚೆಯ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ ಈಚೆ ಬೀಳಬೇಕು. ಅಂದ್ರೆ ಡಬಲ್ಸ್ ಸರ್ವಿಸ್‌ನ ಹಿಂದಿನ ಗೆರೆಯಿಂದ ಆಚೆಗೋ ಈಚೆಗೋ ಒಂದು ಗೇಣು. ದಾಟಿ ಹೋದ್ರೆ ಅದಕ್ಕಿಂತ ನಿಧಾನದ 76 ತರಿಸಿ. ನೈಲಾನ್ ಆಡೋರು ನೀಲಿ ಪಟ್ಟಿಯದ್ದು ಓಡ್ತಿದೆ ಅನ್ನಿಸಿದ್ರೆ ಹಸಿರು ಪಟ್ಟಿಯದ್ದು ನೋಡಿ, ಅದು ನಿಧಾನ. ದುಡ್ಡಿಗೋಸ್ಕರ ನೈಲಾನ್ ಆಡೋದು ತಪ್ಪಲ್ಲ, ಆದ್ರೆ ನೆಟ್ ಹತ್ರ ಅದು ಗರಿ ಶಟಲ್ ಥರ ಪಲ್ಟಿ ಹೊಡೆಯೋದಿಲ್ಲ. ವರ್ಷವಿಡೀ ನೈಲಾನ್ ಆಡಿ ಟೂರ್ನಮೆಂಟ್‌ಗೆ ಹೋದವರ ಕೈ ಮೊದಲ ಗೇಮ್ ಪೂರ್ತಿ ತಡಬಡಾಯಿಸೋದು ಇದಕ್ಕೇ. ಹೋಗೋ ಮೊದಲು ಎರಡು ವಾರವಾದ್ರೂ ಗರಿಯಲ್ಲಿ ಆಡಿ.

ಅಭ್ಯಾಸಕ್ಕೆ ಕೋಚ್ ಬೇಕೇ ಬೇಕು ಅಂತಿಲ್ಲ. ಮನೆ ಗೋಡೆಯಿಂದ ಎರಡು ಮೀಟರ್ ದೂರ ನಿಂತು, ಎದೆ ಎತ್ತರದಲ್ಲಿ, ಶಟಲ್ ಕೆಳಗೆ ಬೀಳದ ಹಾಗೆ ಗೋಡೆಗೆ ಹೊಡೀತಾ ಇರಿ, 30 ಸೆಕೆಂಡ್, ಆರು ಸಲ. ಮೂರನೇ ಸಲಕ್ಕೆ ಮುಂಗೈ ಉರಿದ್ರೆ ಗ್ರಿಪ್ ಬಿಗಿಯಾಯ್ತು ಅಂತ ಅರ್ಥ. ಹಾಲ್‌ಗೆ ಹತ್ತು ನಿಮಿಷ ಮುಂಚೆ ಹೋದ್ರೆ ನೆಟ್ ಮೇಲೆ ಒಂದು ಗೇಣು ಎತ್ತರಕ್ಕೆ ದಾರ ಕಟ್ಟಿ, ಅದರ ಕೆಳಗಿಂದ 50 ಸರ್ವ್ ಹಾಕಿ, ಎಷ್ಟು ದಾಟಿದವು ಅಂತ ಎಣಿಸಿ. ಮತ್ತೊಬ್ಬ ಸಿಕ್ಕರೆ ಹಳೆ ಶಟಲ್ ಇಪ್ಪತ್ತು ಕೈಯಲ್ಲಿ ಹಿಡಿದು ಆಚೆಯಿಂದ ಬೇಗ ಬೇಗ ಎಸೀಲಿ, ಮಧ್ಯೆ ಮಧ್ಯೆ ನಾಲ್ಕೈದನ್ನ ಬೇಕಂತಲೇ ತಲೆ ಪಕ್ಕಕ್ಕೆ. ಅವನ್ನ ಮುಟ್ಟಿದ್ರೆ ಒಂದು ಪಾಯಿಂಟ್ ಕಡಿತ. ಮೊದಲ ದಿನ ಹೆಚ್ಚಿನವರ ಲೆಕ್ಕ ಮೈನಸ್‌ಗೆ ಹೋಗುತ್ತೆ.