ಬೆರಳು ಹೋದ ಕೂಡಲೇ ‘ಅಂವಾ ನಮ್ಮಂವ ಅಲ್ರೀ’!

ಇವತ್ತು ಮತ್ತೆ ಅದೇ ಮಾತು ಕೇಳಿಸಿಕೊಂಡು ಬಂದೆ. ಹೊಟ್ಟೆ ಉರಿಯುತ್ತಿದೆ.

ನಾನು ಹುಬ್ಬಳ್ಳಿಯ ಸಾ ಮಿಲ್ಲು, ಕಟ್ಟಿಗೆ ಅಡ್ಡೆಗಳ ಕೆಲಸಗಾರರ ಸಂಘ ನೋಡಿಕೊಳ್ಳುವವನು. ನಮ್ಮ ಹುಡುಗನೊಬ್ಬನ ತೋರುಬೆರಳು ಗರಗಸಕ್ಕೆ ಸಿಕ್ಕಿ ಪೂರ್ತಿ ಹೋಯಿತು. ವರ್ಷಗಟ್ಟಲೆ ಅದೇ ಮಿಲ್ಲಿನಲ್ಲಿ ಹಲಗೆ ಸೀಳಿದವನು. ಗೇಟಿನ ಕೀಲಿ ಕೂಡ ಅವನ ಹತ್ತಿರವೇ ಇರುತ್ತಿತ್ತು. ಪರಿಹಾರ ಕೇಳಲು ಹೋದರೆ ಸಾಹುಕಾರರು ಹಾಜರಿ ಪುಸ್ತಕ ಮುಂದಿಟ್ಟರು. ‘ನೋಡ್ರಿ ಲೀಡರ್, ಇದರಾಗ ಅವನ ಹೆಸರೈತೇನು? ಅಂವಾ ನಮ್ಮಂವ ಅಲ್ರೀ, ಆವತ್ತ ಸುಮ್ನ ಬಂದಿದ್ದ’ ಅಂದರು.

ಸುಮ್ನೆ ಬಂದವನು ತಿರುಗುವ ಗರಗಸಕ್ಕೆ ಯಾಕೆ ಕೈ ಒಡ್ಡುತ್ತಾನೆ?

ಆ ಗರಗಸಕ್ಕೆ ಗಾರ್ಡ್, ಅಂದರೆ ಕೈ ಸಿಗದಂತೆ ಮುಚ್ಚುವ ಕವಚ ಇತ್ತು. ಬಿಚ್ಚಿ ಗೋಡೆಗೆ ಒರಗಿಸಿದ್ದರು, ಅದರ ಮೇಲೆ ಕಟ್ಟಿಗೆ ಹೊಟ್ಟು ದಪ್ಪಗೆ ಕೂತಿತ್ತು. ಹಾಕಿದರೆ ಕೆಲಸ ನಿಧಾನ ಆಗುತ್ತದಂತೆ.

ಪುಸ್ತಕದಲ್ಲಿ ಹೆಸರು ಎಲ್ಲಿಂದ ಬರಬೇಕು? ಒಂದೇ ಕಾಂಪೌಂಡು, ಒಂದೇ ಗೇಟು. ಕಾಗದದಲ್ಲಿ ಮಾತ್ರ ಮಿಲ್ಲು ಅಣ್ಣನದು, ಅಡ್ಡೆ ತಮ್ಮನದು, ಪ್ಲೈವುಡ್ ಗೋಡೌನು ಹೆಂಡತಿಯದು. 10 ಜನ ಆದರೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಕಟ್ಟಬೇಕಲ್ಲ, ಅದಕ್ಕೇ ಎಲ್ಲೂ 10 ಆಗಲು ಬಿಡುವುದಿಲ್ಲ. ಬಟವಡೆ ಕೈಗೇ ನಗದು. ಚೀಟಿ ಇಲ್ಲ, ಸಹಿ ಇಲ್ಲ. ಹಮಾಲರ ಪಾಡು ಇನ್ನೂ ಕೆಟ್ಟದ್ದು. ದಾಂಡೇಲಿ, ಕಿರವತ್ತಿ ಕಡೆಯ ಲಾರಿ ಇಳಿಸುವಾಗ ದಿಮ್ಮಿ ಜಾರಿ ಕಾಲ ಮೇಲೆ ಬಿದ್ದರೆ ಲಾರಿಯವನು ಮಿಲ್ಲಿನವರನ್ನು ಕೇಳು ಅಂತಾನೆ, ಮಿಲ್ಲಿನವರು ಲಾರಿಯವನನ್ನು ಕೇಳು ಅಂತಾರೆ.

ಇಎಸ್‌ಐ ಇಲ್ಲದಿದ್ದರೂ ಮಾಲೀಕ ಪರಿಹಾರ ಕೊಡಲೇಬೇಕು. 1923ರಿಂದ ಈ ನಿಯಮವಿದೆ. ಯಾವ ಬೆರಳಿಗೆ ಎಷ್ಟು ಅಂತ ಪಟ್ಟಿಯೂ ಇದೆ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ಹೋಯಿತು ಅಂತ ಲೆಕ್ಕ. ತೋರುಬೆರಳು ಪೂರ್ತಿ ಹೋದರೆ ಶೇ 14. ಹಲಗೆ ಒತ್ತಿ ಹಿಡಿಯಲು ಬಾರದವನನ್ನು ಯಾವ ಮಿಲ್ಲಿನವರು ಮತ್ತೆ ಗರಗಸಕ್ಕೆ ನಿಲ್ಲಿಸುತ್ತಾರೆ ಹೇಳಿ. ಪಟ್ಟಿಯಲ್ಲಿ 14, ಅವನಿಗೆ ನೂರಕ್ಕೆ ನೂರೂ ಹೋಯಿತು. ಆ 14ರ ದುಡ್ಡು ಸಿಗಬೇಕಾದರೂ ಅವನು ಅಲ್ಲಿ ದುಡಿಯುತ್ತಿದ್ದ ಅಂತ ನಾವೇ ತೋರಿಸಬೇಕು. ಸಾಕ್ಷಿ ಹೇಳಬೇಕಾದವರು ಅದೇ ಮಿಲ್ಲಿನಲ್ಲಿ ಉಣ್ಣುವವರು. ‘ಅಣ್ಣಾ, ನಾಳೆ ನನ್ನ ಕೆಲಸಾನೂ ಹೋಗತೈತಿ’ ಅಂತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದಾರೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕರೆಂಟಿನಲ್ಲಿ ನಡೆಯುವ ಕಡೆ 10 ಜನ ಇದ್ದರೆ ಮೊದಲು ಕಾರ್ಖಾನೆ ಅಂತ ಲೆಕ್ಕ ಹಿಡಿದು ಕಾರ್ಖಾನೆಯ ನಿಯಮ ಹಾಕುತ್ತಿದ್ದರು, ಈಗ 20 ಬೇಕು. ನಮ್ಮ ಸಣ್ಣ ಮಿಲ್ಲುಗಳು ಅದರೊಳಗೆ ಬರುವುದು ಯಾವಾಗ?

ಇದರ ಮೇಲೆ ಊರ ಜನರ ಮಾತು ಬೇರೆ. ಲೀಡರ್ ಅಂದರೆ ಕಮಿಷನ್ ಹೊಡೆಯುವವನಂತೆ. ಹೊಡೆದವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಅಂಥವರಿಂದಲೇ ಕೆಲಸಗಾರರು ಸಂಘಕ್ಕೆ ಬರಲು ಹಿಂದೇಟು ಹಾಕುತ್ತಾರೆ, ಸಾಹುಕಾರರಿಗೆ ಅದೇ ಬೇಕು.

ನಿನ್ನೆ ಮುನೀಮರು ಒಂದಿಷ್ಟು ನೋಟು, ಒಂದು ಸ್ಟ್ಯಾಂಪ್ ಪೇಪರ್ ಹಿಡಿದು ಹುಡುಗನ ಮನೆಗೆ ಹೋಗಿದ್ದರು. ‘ನನ್ನ ತಪ್ಪಿನಿಂದಲೇ ಆಯಿತು’ ಅಂತ ಬರೆದಿತ್ತು. ಅವನ ತಾಯಿ ನನಗೆ ಫೋನ್ ಮಾಡಿದರು, ಪುಣ್ಯ. ‘ಅವ್ವಾ, ಹೆಬ್ಬೆಟ್ಟು ಒತ್ತಬ್ಯಾಡ್ರಿ’ ಅಂದೆ.

ಮಿಲ್ಲಿನಲ್ಲಿ ದುಡಿಯುವ ತಮ್ಮಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಬಟವಡೆಯನ್ನು ಫೋನ್‌ಪೇಗೇ ಹಾಕಲು ಹಟ ಹಿಡಿಯಿರಿ. ಕೆಲಸದ ಜಾಗದಲ್ಲಿ ನಿಂತು ಆಗಾಗ ಒಂದು ಫೋಟೋ ತೆಗೆದುಕೊಳ್ಳಿ, ಮನೆಗೆ ಕಳಿಸಿಡಿ. ಗಾರ್ಡ್ ಇಲ್ಲದ ಗರಗಸಕ್ಕೆ ನಿಲ್ಲಬೇಡಿ. ಬೈದರೆ ನನಗೆ ಹೇಳಿ, ಬರುತ್ತೇನೆ.